ಹತ್ತು ರೂಪಾಯಿ ಕೊಡೋಕೆ ಶುರು ಮಾಡಿದ ಮೇಲೆ ಮಗಳ ರಂಗೋಲಿ ಚಿಕ್ಕದಾಯಿತು, ಯಾಕೆ?

ಪುಟ್ಟಿ ಅಪ್ಪ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ವಿಷಯ ಚಿಕ್ಕದು, ನಗಬೇಡಿ.

ನನ್ನ ಮಗಳಿಗೆ ಹತ್ತು ವರ್ಷ. ಕಳೆದ ಧನುರ್ಮಾಸದಲ್ಲಿ ಅವಳಿಗೆ ರಂಗೋಲಿ ಹುಚ್ಚು ಹಿಡಿಯಿತು. ಯಾರೂ ಎಬ್ಬಿಸುವ ಮೊದಲೇ ಎದ್ದು, ಅವಳಮ್ಮ ಬಾಗಿಲಿಗೆ ನೀರು ಹಾಕುವುದನ್ನೇ ಕಾಯುತ್ತಾ ನಿಂತಿರುತ್ತಿದ್ದಳು. ಹದಿನೈದು ಚುಕ್ಕಿಯದಕ್ಕೆ ಎಳೆ ಎಳೆಯುವುದು, ತಪ್ಪಾದರೆ ಅಳಿಸುವುದು, ಮತ್ತೆ ಎಳೆಯುವುದು. ಶಾಲೆ ವ್ಯಾನ್ ಬಂದು ಹಾರ್ನ್ ಹೊಡೆದರೂ ಮೇಲೇಳುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ನನ್ನ ಹೆಂಡತಿಗೆ ಮಂಡಿ ನೋವು ಶುರುವಾಯಿತು, ಬಗ್ಗೋಕೆ ಆಗುವುದಿಲ್ಲ. ನಾನು ದೊಡ್ಡ ಬುದ್ಧಿವಂತನ ಹಾಗೆ ಮಗಳಿಗೆ, "ಇನ್ಮೇಲೆ ದಿನಾ ನೀನೇ ಹಾಕು ಪುಟ್ಟಿ, ಒಂದಕ್ಕೆ ಹತ್ತು ರೂಪಾಯಿ ಕೊಡ್ತೀನಿ" ಅಂದೆ.

ಮೊದಲ ವಾರ ಭಾರಿ ಉತ್ಸಾಹ. ಒಂದು ಭಾನುವಾರ ಮೂರು ಹಾಕಿ ಮೂವತ್ತು ರೂಪಾಯಿ ವಸೂಲಿ ಮಾಡಿದಳು. ಆಮೇಲೆ ಚುಕ್ಕಿ ಕಡಿಮೆಯಾಗುತ್ತಾ ಬಂತು. ಈಗ ನಾಲ್ಕು ಚುಕ್ಕಿ, ಸುತ್ತ ಒಂದು ಎಳೆ, ಎರಡೇ ನಿಮಿಷ, ಆಮೇಲೆ ಕೈ ಚಾಚುತ್ತಾಳೆ. ಹೋದ ವಾರ ಚಿಲ್ಲರೆ ಇರಲಿಲ್ಲ, ನಾಳೆ ಕೊಡ್ತೀನಿ ಅಂದೆ. "ಹಂಗಾದ್ರೆ ನಾಳೆನೇ ಹಾಕ್ತೀನಿ ಬಿಡು" ಅಂದುಬಿಟ್ಟಳು.

ನಾನು ಈ ವಯಸ್ಸಿನಲ್ಲಿ ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ದೇನೆ, ಮನಃಶಾಸ್ತ್ರ ಒಂದು ವಿಷಯ. ಬಹುಮಾನ ಕೊಟ್ಟರೆ ಆ ಕೆಲಸ ಜಾಸ್ತಿಯಾಗುತ್ತದೆ ಅಂತ ಪುಸ್ತಕದಲ್ಲಿ ಇದೆ. ಸ್ಕಿನ್ನರ್ ಅನ್ನುವ ಮನಃಶಾಸ್ತ್ರಜ್ಞರ ಪ್ರಯೋಗ, ಇಲಿ ಸನ್ನೆಕೋಲು ಒತ್ತಿದರೆ ಕಾಳು, ಎಲ್ಲ ಓದಿದೆ. ಹಾಗಾದರೆ ನಮ್ಮ ಮನೆಯಲ್ಲಿ ಯಾಕೆ ಉಲ್ಟಾ ಆಯಿತು? ಪುಸ್ತಕ ತಪ್ಪಾ, ನಾನು ತಪ್ಪಾ?

ಸಂಜೆ ಮೆಮು (ಮೈಸೂರು)

ಈಗಿನ ಮಕ್ಕಳೇ ಹಾಗೆ ಸಾರ್. ಮೊಬೈಲ್ ಕಿತ್ತುಕೊಳ್ಳಿ. ಯಾವುದೇ ಕೆಲಸ 21 ದಿನ ಬಿಡದೆ ಮಾಡಿಸಿದರೆ ಅಭ್ಯಾಸ ಆಗಿಬಿಡುತ್ತದೆ, ವಿಡಿಯೋದಲ್ಲಿ ನೋಡಿದ್ದೇನೆ.

ನಿವೃತ್ತ ಮೇಷ್ಟ್ರು (ಮೈಸೂರು)

ಪುಟ್ಟಿ ಅಪ್ಪನವರೇ, ಪುಸ್ತಕ ತಪ್ಪಲ್ಲ, ನೀವು ಇನ್ನೂ ಮುಂದಿನ ಅಧ್ಯಾಯಕ್ಕೆ ಬಂದಿಲ್ಲ ಅಷ್ಟೇ. ನಿಮ್ಮ ಮನೆ ಬಾಗಿಲಲ್ಲಿ ಆಗಿರುವುದು 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದು ಶಿಶುವಿಹಾರದಲ್ಲಿ ಹೆಚ್ಚುಕಡಿಮೆ ಹೀಗೇ ಆಗಿತ್ತು.

ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಮನಃಶಾಸ್ತ್ರಜ್ಞರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, "ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿ ಪತ್ರ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ತರಗತಿಯಲ್ಲಿ ಸುಮ್ನೆ ಪೆನ್ನು, ಕಾಗದ ಇಟ್ಟು ಯಾರು ತಾವಾಗಿ ಮುಟ್ಟುತ್ತಾರೆ ಅಂತ ಕದ್ದು ನೋಡಿದರು. ಏನೂ ಸಿಗದ ಮಕ್ಕಳು ತಮ್ಮ ಬಿಡುವಿನಲ್ಲಿ ಸುಮಾರು ಶೇ 16.7ರಷ್ಟು ಹೊತ್ತು ಬರೆದರು. ಅನಿರೀಕ್ಷಿತವಾಗಿ ಪತ್ರ ಸಿಕ್ಕವರು ಶೇ 18.1. ಪತ್ರಕ್ಕಾಗಿಯೇ ಬರೆದವರು ಶೇ 8.6. ಅರ್ಧಕ್ಕೆ ಅರ್ಧ.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಪತ್ರದ ಆಸೆಗೆ ಬರೆದ ಮಕ್ಕಳ ಚಿತ್ರಗಳ ಗುಣಮಟ್ಟವೂ ಆಗಲೇ ಕಡಿಮೆ ಇತ್ತು. ನಿಮ್ಮ ನಾಲ್ಕು ಚುಕ್ಕಿ ಇದೇ.

ಪುಟ್ಟಿ ಅಪ್ಪ (ಮಂಡ್ಯ)

ಅಯ್ಯೋ ಮೇಷ್ಟ್ರೇ. ಅಂದರೆ ನಾನೇ ಕೈಯಾರೆ ಹಾಳು ಮಾಡಿದೆನಾ.

ಬೆಲ್ಲದಚ್ಚು (ಮಂಡ್ಯ)

ಒಂದ್ನಿಮಿಷ ಇರಿ ಮೇಷ್ಟ್ರೇ. ನಮ್ಮದು ಆಲೆಮನೆ. ಕೊಪ್ಪರಿಗೆ ಲೆಕ್ಕದಲ್ಲಿ ಕೂಲಿ ಕೊಡುತ್ತೇವೆ. ಕಾಸು ಕೊಟ್ಟರೆ ಆಸಕ್ತಿ ಹೋಗುತ್ತದೆ ಅಂತ ಹೇಳಿ ನಾಳೆಯಿಂದ ಕೂಲಿ ನಿಲ್ಲಿಸಿದರೆ ಒಬ್ಬನೂ ಬರುವುದಿಲ್ಲ, ಒಲೆಗೆ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ತಳ್ಳೋಕೆ ನಾನೊಬ್ಬನೇ ಉಳಿಯುತ್ತೇನೆ. ಶಿಶುವಿಹಾರದ ಮಕ್ಕಳನ್ನು ನೋಡಿ ಇಡೀ ಲೋಕಕ್ಕೆ ನಿಯಮ ಬರೆಯುವುದು ನನಗೆ ಸರಿಬರುವುದಿಲ್ಲ.

ನಮ್ಮ ಪಾಕ ನೋಡುವ ಹಿರಿಯರೊಬ್ಬರು ಇದ್ದಾರೆ. ಹದ ಬಂತಾ ಇಲ್ಲವಾ ಅಂತ ನೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಒತ್ತಿ ಹೇಳುತ್ತಾರೆ. ಅವರಿಗೆ ಎಲ್ಲರಿಗಿಂತ ಜಾಸ್ತಿ ಕೂಲಿ. ಆಸಕ್ತಿಯೂ ಅವರಿಗೇ ಜಾಸ್ತಿ. ಇದಕ್ಕೇನು ಹೇಳುತ್ತೀರಿ?

ಗಂಗೋತ್ರಿ ಬೆಂಚು (ಮೈಸೂರು)

ನಾನು ಎಂ.ಎಸ್ಸಿ. ಸೈಕಾಲಜಿ ಓದುತ್ತಿದ್ದೇನೆ, ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಬೆಲ್ಲದಚ್ಚು ಅಣ್ಣ ಕೇಳಿದ ಪ್ರಶ್ನೆಗೆ ದೊಡ್ಡ ಜಗಳವೇ ನಡೆದಿದೆ. 1994ರಲ್ಲಿ ಕ್ಯಾಮರಾನ್ ಮತ್ತು ಪಿಯರ್ಸ್ 96 ಪ್ರಯೋಗಗಳನ್ನು ಒಟ್ಟುಹಾಕಿ, ಬಹುಮಾನದಿಂದ ಅಷ್ಟೇನೂ ಕೆಡುಕಿಲ್ಲ ಅಂದರು. 1999ರಲ್ಲಿ ಡೆಸಿ, ಕೋಸ್ಟ್ನರ್, ರಯಾನ್ 128 ಪ್ರಯೋಗಗಳನ್ನು ಹಾಕಿಕೊಂಡು, ಇಲ್ಲ ಕೆಡುಕಿದೆ, ಆದರೆ ಎಲ್ಲ ಕಡೆ ಅಲ್ಲ ಅಂದರು.

ಎಲ್ಲಿ ಅಲ್ಲ ಅನ್ನುವುದೇ ಮುಖ್ಯ. ಮೊದಲೇ ಬೇಜಾರಿನ ಕೆಲಸವಾಗಿದ್ದರೆ ಬಹುಮಾನದಿಂದ ಕಳೆದುಕೊಳ್ಳೋಕೆ ಆಸಕ್ತಿಯೇ ಇರುವುದಿಲ್ಲ. ಒಲೆಗೆ ರಚ್ಚು ತಳ್ಳುವುದು ಯಾರಿಗೂ ಹವ್ಯಾಸ ಅಲ್ವಲ್ಲ ಅಣ್ಣ. ಬಾಯಿಮಾತಿನ ಮೆಚ್ಚುಗೆ ದೊಡ್ಡವರಲ್ಲಿ ಆಸಕ್ತಿ ಹೆಚ್ಚಿಸುತ್ತದೆ, ಮಕ್ಕಳಲ್ಲಿ ಅಷ್ಟು ಕಾಣಿಸಲಿಲ್ಲ. ಹೇಳದೆ ಕೊಟ್ಟದ್ದರಿಂದ ತೊಂದರೆ ಇಲ್ಲ. ತೊಂದರೆ ಇರುವುದು ಇಷ್ಟದ ಕೆಲಸಕ್ಕೆ, ಮೊದಲೇ ಹೇಳಿ, "ಮಾಡಿದರೆ ಇಷ್ಟು" ಅಂತ ಕೈಗೆ ಸಿಗುವ ವಸ್ತು ಕೊಡುವುದರಲ್ಲಿ. ಅದೂ ಕಾಲೇಜು ಹುಡುಗರಿಗಿಂತ ಚಿಕ್ಕ ಮಕ್ಕಳಲ್ಲಿ ಜಾಸ್ತಿ.

ನಿಮ್ಮ ಪಾಕದ ತಾತ ಬೇರೆ ಲೆಕ್ಕ. ಅವರ ಹೆಚ್ಚುವರಿ ಕೂಲಿ "ನಿಮ್ಮಷ್ಟು ಹದ ತಿಳಿದವರು ಯಾರೂ ಇಲ್ಲ" ಅಂತ ಹೇಳುತ್ತಿದೆ. ಪುಟ್ಟಿಯ ಹತ್ತು ರೂಪಾಯಿ "ಇದು ನಿನ್ನ ಆಟವಲ್ಲ, ನಮ್ಮ ಕೆಲಸ" ಅಂತ ಹೇಳಿತು. ಒಂದೇ ನೋಟು, ಹೇಳುವ ಮಾತು ಬೇರೆ.

ಸಂಜೆ ಮೆಮು ಸಾರ್, 21 ದಿನದ ಮಾತು ಬಂದಿರುವುದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳೋಕೆ ಕಡಿಮೆ ಅಂದರೂ ಅಷ್ಟು ದಿನ ಬೇಕು ಅಂತ ಅವರು ಕಂಡದ್ದು. ಅಭ್ಯಾಸವನ್ನೇ ಅಳೆದವರು ಲಂಡನ್ನಿನ ಲ್ಯಾಲಿ ತಂಡದವರು, 96 ಜನರ ಮೇಲೆ. ಅವರ ಲೆಕ್ಕಕ್ಕೆ ಬಂದ ಮಧ್ಯದ ಅಂಕಿ 66 ದಿನ. ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ ಅಂದಾಜು 254 ದಿನ.

ಸಂಜೆ ಮೆಮು (ಮೈಸೂರು)

ಸರಿ ತಾಯಿ, ವಿಡಿಯೋದವನಿಗೇ ಹೇಳಿ. ನಮ್ಮ ಊರಲ್ಲಿ ಸೈಕಾಲಜಿಗೆ ಇಷ್ಟೊಂದು ಜನ ಇದ್ದಾರೆ ಅಂತ ಗೊತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು (ಮೈಸೂರು)

ಏನಯ್ಯಾ ಹಾಗಂದೆ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಕಲ್ಕತ್ತ ಬಿಟ್ಟರೆ ದೇಶದಲ್ಲಿ ನಮ್ಮದೇ ಮೊದಲು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅನ್ನುವ ಮನಃಶಾಸ್ತ್ರಜ್ಞರ ಹತ್ತಿರ ಕಲಿತು ಬಂದವರು. ನೀನು ಮನೆಯಲ್ಲಿ ಕೇಳುವ ಆಕಾಶವಾಣಿ ಇದೆಯಲ್ಲ, 1935ರಲ್ಲಿ ತಮ್ಮ ಮನೆಯಲ್ಲೇ ಆ ಹೆಸರಿನ ಬಾನುಲಿ ಶುರು ಮಾಡಿದವರೂ ಅವರೇ. ಯಾರೂ ಕಾಸು ಕೊಡುತ್ತೇವೆ ಅಂದಿರಲಿಲ್ಲ, ತಮ್ಮ ಹುಚ್ಚಿಗೆ ಮಾಡಿದ್ದು. ವಿಷಯ ಬಿಟ್ಟು ಎಲ್ಲೋ ಹೋದೆ, ಆದರೂ ಪೂರ್ತಿ ಬಿಟ್ಟಿಲ್ಲ ನೋಡಿ.

ಎಳೆ ರಂಗೋಲಿ (ಮೈಸೂರು, ಅಗ್ರಹಾರ)

ನಾನು ಓದಿದವಳಲ್ಲ, ಐವತ್ತು ವರ್ಷದಿಂದ ರಂಗೋಲಿ ಹಾಕುತ್ತಿರುವವಳು. ನನ್ನ ಮೊಮ್ಮಗ ಮೊನ್ನೆ ಯಾವುದೋ ತ್ರಿಕೋನ ತೋರಿಸಿದ. ಮನುಷ್ಯನಿಗೆ ಮೊದಲು ಅನ್ನ ನೀರು, ಆಮೇಲೆ ಸೂರು, ಆಮೇಲೆ ಪ್ರೀತಿ, ಮೇಲೆ ತುದಿಯಲ್ಲಿ ಕಲೆ ಗಿಲೆ ಅಂತ. ನಮ್ಮತ್ತೆ ಬಾಗಿಲಿಗೆ ರಂಗೋಲಿ ಬೀಳದೆ ಒಂದು ತೊಟ್ಟು ಕಾಫಿ ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಅಕ್ಕಿ ಇಲ್ಲದ ದಿನವೂ ಬಾಗಿಲು ಬೋಳು ಬಿಟ್ಟವರಲ್ಲ. ಅವರನ್ನು ಆ ತ್ರಿಕೋನದಲ್ಲಿ ಎಲ್ಲಿ ಕೂರಿಸುತ್ತೀರಿ?

ಗಂಗೋತ್ರಿ ಬೆಂಚು (ಮೈಸೂರು)

ಅಮ್ಮಾ, ಅದು ಮ್ಯಾಸ್ಲೋ ಅನ್ನುವ ಮನಃಶಾಸ್ತ್ರಜ್ಞರ ವಿಚಾರ. 1943ರ ಲೇಖನ. ತಮಾಷೆ ಏನೆಂದರೆ ಆ ಲೇಖನದಲ್ಲಿ ತ್ರಿಕೋನವೇ ಇಲ್ಲ, ಆಮೇಲೆ ಬೇರೆಯವರು ಎಳೆದದ್ದು. ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಬೇಕು ಅಂತ ಅವರೂ ಗಟ್ಟಿಯಾಗಿ ಹೇಳಲಿಲ್ಲ, ಕ್ರಮ ಅದಲುಬದಲಾಗುವ ಜನರೂ ಇದ್ದಾರೆ ಅಂತ ಅಲ್ಲೇ ಬರೆದಿದ್ದಾರೆ. ನಿಮ್ಮತ್ತೆಯವರು ಆ ಸಾಲಿನವರು.

ನನಗೆ ಇಲ್ಲಿ ಡೆಸಿ ಮತ್ತು ರಯಾನ್ ಹೇಳುವುದೇ ಹತ್ತಿರ ಅನ್ನಿಸುತ್ತದೆ. ನಾನೇ ಆರಿಸಿಕೊಂಡೆ ಅನ್ನುವ ಭಾವ, ನನಗೆ ಇದು ಬರುತ್ತದೆ ಅನ್ನುವ ಭಾವ, ನನ್ನವರ ಜೊತೆ ಇದ್ದೇನೆ ಅನ್ನುವ ಭಾವ. ಈ ಮೂರು ಸಿಕ್ಕ ಕಡೆ ಮನಸ್ಸು ತಾನಾಗಿ ಹೋಗುತ್ತದೆ. ಪುಟ್ಟಿ ಅಪ್ಪ ಸಾರ್, ಮೊದಲು ಅವಳು ಅಮ್ಮನ ಪಕ್ಕ ಕೂತು ಹಾಕುತ್ತಿದ್ದಳಾ, ಒಬ್ಬಳೇನಾ?

ಪುಟ್ಟಿ ಅಪ್ಪ (ಮಂಡ್ಯ)

ಅಮ್ಮನ ಜೊತೆ. ಅವಳಮ್ಮ ಚುಕ್ಕಿ ಇಡುತ್ತಿದ್ದಳು, ಇವಳು ಎಳೆ ಎಳೆಯುತ್ತಿದ್ದಳು. ಈಗ ಅಮ್ಮ ಒಳಗೆ ಅಡುಗೆಮನೆಯಲ್ಲಿ, ಇವಳೊಬ್ಬಳೇ ಹೊರಗೆ. ನೀವು ಕೇಳುವ ತನಕ ಇದು ನನ್ನ ತಲೆಗೇ ಬಂದಿರಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು. ದಸರಾ ಹೊತ್ತಿಗೆ ಮೈಸೂರಲ್ಲಿ ನಮ್ಮ ನೆಂಟರ ಬೀದಿಯವರು ರಂಗೋಲಿ ಸ್ಪರ್ಧೆ ಇಟ್ಟಿದ್ದರು. ಅಲ್ಲಾದರೂ ಹುರುಪು ಬರಲಿ ಅಂತ ಹೆಸರು ಕೊಟ್ಟೆ. ಮೊದಲ ಬಹುಮಾನ ಪ್ರೆಶರ್ ಕುಕ್ಕರ್, ಹತ್ತು ವರ್ಷದ ಮಗುವಿಗೆ ಕುಕ್ಕರ್! ಹತ್ತೊಂಬತ್ತು ಚುಕ್ಕಿಯದನ್ನು ಹಿಡಿದಳು, ಮನೆಯಲ್ಲಿ ಒಂದೇ ಸಲ ಹಾಕಿದ್ದದ್ದು. ಸುತ್ತ ಜನ. ಕೈ ನಡುಗಿ ಪುಡಿ ಎಲ್ಲೆಲ್ಲೋ ಬಿತ್ತು. ಅರ್ಧಕ್ಕೇ ಎದ್ದು ಬಂದು ಅವರಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ವಾಪಸು ಬರುವಾಗ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುವ ತನಕ ಒಂದು ಮಾತಿಲ್ಲ.

ಸೆಕೆಂಡ್ ಪಿಯು ಸಂಕಟ (ಮಂಡ್ಯ)

ಅಂಕಲ್ ನನಗೂ ಇದೇ. ಮನೆಯಲ್ಲಿ ಲೆಕ್ಕ ಮಾಡಿದರೆ ಬರುತ್ತದೆ. ಟೆಸ್ಟ್‌ನಲ್ಲಿ ಕೂತರೆ ಅಂಗೈ ಬೆವರಿ ಓಎಂಆರ್ ಶೀಟ್ ಒದ್ದೆಯಾಗುತ್ತದೆ. ಇದಕ್ಕೂ ಏನಾದರೂ ಪ್ರಯೋಗ ಇದೆಯಾ, ಇಲ್ಲ ನಾನು ಮಾತ್ರ ಹೀಗಾ?

ಗಂಗೋತ್ರಿ ಬೆಂಚು (ಮೈಸೂರು)

ಇದೆ, ಜಿರಳೆ ಪ್ರಯೋಗ. ನಿಜವಾಗಿ.

1969ರಲ್ಲಿ ಝಾಯೊಂಟ್ಸ್ ಅನ್ನುವವರು ಮತ್ತು ಅವರ ಜೊತೆಗಾರರು ಜಿರಳೆಗಳನ್ನು ಓಡಿಸಿದರು. ಒಂದು ನೇರ ದಾರಿ, ಒಂದು ತಿರುವು ಇರುವ ದಾರಿ. ಪಕ್ಕದಲ್ಲಿ ಪಾರದರ್ಶಕ ಪೆಟ್ಟಿಗೆಗಳಲ್ಲಿ ಬೇರೆ ಜಿರಳೆಗಳನ್ನು ಪ್ರೇಕ್ಷಕರಾಗಿ ಕೂರಿಸಿದರು. ನೋಡುವವರಿದ್ದಾಗ ನೇರ ದಾರಿಯಲ್ಲಿ ಜಿರಳೆ ಇನ್ನೂ ಜೋರಾಗಿ ಓಡಿತು, ತಿರುವಿನ ದಾರಿಯಲ್ಲಿ ನಿಧಾನವಾಯಿತು. ಚೆನ್ನಾಗಿ ಕೈಗೆ ಕೂತ ಕೆಲಸ ಜನರ ಮುಂದೆ ಸಲೀಸಾಗುತ್ತದೆ, ಇನ್ನೂ ಕೂರದ ಕೆಲಸ ಕೆಡುತ್ತದೆ. ಪುಟ್ಟಿ ಅಲ್ಲಿ ಹದಿನೈದು ಚುಕ್ಕಿಯದನ್ನು ಹಾಕಿದ್ದರೆ ಬಹುಶಃ ಕುಕ್ಕರ್ ನಿಮ್ಮ ಮನೆಯಲ್ಲಿ ಇರುತ್ತಿತ್ತು.

ಎದೆ ಡವಡವ ಸ್ವಲ್ಪ ಇದ್ದರೆ ಒಳ್ಳೆಯದೇ. ಯರ್ಕೀಸ್ ಮತ್ತು ಡಾಡ್ಸನ್ 1908ರಲ್ಲಿ ಇಲಿಗಳಿಗೆ ಸಣ್ಣ ಶಾಕ್ ಕೊಟ್ಟು ಕಲಿಸಿದರು. ಸುಲಭದ ಪಾಠದಲ್ಲಿ ಶಾಕ್ ಹೆಚ್ಚಿಸಿದಷ್ಟೂ ಬೇಗ ಕಲಿತವು. ಕಷ್ಟದ ಪಾಠದಲ್ಲಿ ಒಂದು ಮಟ್ಟ ದಾಟಿದ ಮೇಲೆ ಕಲಿಕೆ ಕೆಟ್ಟಿತು. ಆಮೇಲಿನ ಪುಸ್ತಕಗಳು ಇದನ್ನು ಹಿಗ್ಗಿಸಿ ಎಲ್ಲದಕ್ಕೂ ಅನ್ವಯಿಸುತ್ತವೆ, ಅದು ನನಗೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ.

ನಿವೃತ್ತ ಮೇಷ್ಟ್ರು (ಮೈಸೂರು)

ಪಿಯು ಹುಡುಗನಿಗೆ ಒಂದು ಮಾತು. ಬೆವರು, ನಡುಕ, ಗಂಟಲು ಕಟ್ಟುವುದು, ಇವನ್ನು ಭರತನ ನಾಟ್ಯಶಾಸ್ತ್ರ ಸಾತ್ವಿಕ ಭಾವ ಅಂತ ಎಂಟರ ಪಟ್ಟಿಯಲ್ಲಿ ಸೇರಿಸಿದೆ. ಮನಸ್ಸಿನಲ್ಲಿ ಭಾವ ಬಂದಾಗ ಮೈಯಲ್ಲಿ ತೋರುವ ಗುರುತುಗಳು. 1884ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಇದನ್ನು ತಲೆಕೆಳಗು ಮಾಡಿದ. ಹೆದರಿದ್ದಕ್ಕೆ ನಡುಗುವುದಲ್ಲ, ನಡುಗುವುದು ತಿಳಿದದ್ದಕ್ಕೇ ಹೆದರಿಕೆ ಅಂದ. ಆಮೇಲೆ ಕ್ಯಾನನ್ ಅನ್ನುವ ಶರೀರಶಾಸ್ತ್ರಜ್ಞ ಬಂದು, ಕೋಪಕ್ಕೂ ಭಯಕ್ಕೂ ಎದೆ ಒಂದೇ ರೀತಿ ಬಡಿಯುತ್ತದಲ್ಲ, ಮೈ ನೋಡಿ ಯಾವುದೆಂದು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ. 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಅದಕ್ಕೆ ಉತ್ತರ ಕೊಡೋಕೆ ಹೋದರು: ಮೈ ಬಿಸಿಯಾಗುತ್ತದೆ, ಅದಕ್ಕೆ ಯಾವ ಹೆಸರು ಇಡುತ್ತೀಯೋ ಆ ಭಾವ ಆಗುತ್ತದೆ. ಅವರ ಪ್ರಯೋಗದ ಫಲ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ, ಆದರೆ ಹೆಸರಿಡುವ ವಿಚಾರ ಉಳಿಯಿತು.

ಅದನ್ನು ನೀನು ಬಳಸಿಕೊಳ್ಳಬಹುದು. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ ಜನರಿಂದ ಭಾಷಣ ಮಾಡಿಸಿದರು, ಗಣಿತ ಮಾಡಿಸಿದರು. ಶುರು ಮಾಡುವ ಮೊದಲು "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಅಂದುಕೊಂಡವರು ಚೆನ್ನಾಗಿ ಮಾಡಿದರು. ಡವಡವ ನಿಲ್ಲಿಸೋಕೆ ಹೋಗಬೇಡ, ಅದರ ಹೆಸರು ಬದಲಾಯಿಸು. ಜೊತೆಗೆ ಒಂದು ಕರ್ಚೀಫು ಇಟ್ಟುಕೋ, ಓಎಂಆರ್ ಶೀಟಿಗೆ ಸಿದ್ಧಾಂತ ಅರ್ಥವಾಗುವುದಿಲ್ಲ.

ಸೆಕೆಂಡ್ ಪಿಯು ಸಂಕಟ (ಮಂಡ್ಯ)

😂 ಸರಿ ಸಾರ್.

ಬೆಲ್ಲದಚ್ಚು (ಮಂಡ್ಯ)

ಎಲ್ಲ ಚೆನ್ನಾಗಿದೆ. ಈಗ ಆ ಮನುಷ್ಯ ಏನು ಮಾಡಬೇಕು ಅದನ್ನು ಹೇಳಿ. ಕಾಸು ನಿಲ್ಲಿಸಬೇಕಾ ಬೇಡವಾ? ನಿಲ್ಲಿಸಿದರೆ ಮಗು ಮೋಸ ಆಯಿತು ಅಂದುಕೊಳ್ಳುತ್ತದೆ.

ಎಳೆ ರಂಗೋಲಿ (ಮೈಸೂರು, ಅಗ್ರಹಾರ)

ಕೊಟ್ಟ ಮಾತಿನ ಬಾಕಿ ಮೊದಲು ತೀರಿಸಲಿ. ಆಮೇಲೆ, "ರಂಗೋಲಿಗೆ ಅಂತ ಇನ್ನು ಕೊಡಲ್ಲ, ವಾರಕ್ಕೆ ಇಷ್ಟು ಅಂತ ಸುಮ್ನೆ ಕೊಡ್ತೀವಿ, ನೀನು ಹಾಕಿದ್ರೂ ಸರಿ, ಬಿಟ್ರೂ ಸರಿ" ಅನ್ನಲಿ. ಅವರಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂರಲಿ. ಚುಕ್ಕಿ ಇಡೋಕೆ ಆಗದಿದ್ದರೆ ಬಾಯಲ್ಲಾದರೂ ಎಣಿಸಬಹುದಲ್ಲ. ನನಗೆ ನಮ್ಮತ್ತೆ ಕಲಿಸಿದ್ದು ಹಾಗೇ, ಅವರು ಬಗ್ಗಲಾಗದ ಕಾಲಕ್ಕೆ.

ಒಂದು ವೇಳೆ ಅವಳು ಹಾಕಲೇ ಇಲ್ಲ ಅಂದರೆ ನೀವೇ ಹಾಕಿ ಅಪ್ಪಾ. ಗಂಡಸರು ರಂಗೋಲಿ ಹಾಕಬಾರದು ಅಂತ ಎಲ್ಲಿ ಬರೆದಿದೆ?

ಸಂಜೆ ಮೆಮು (ಮೈಸೂರು)

ಫೋಟೋ ಬೇಕು ಪುಟ್ಟಿ ಅಪ್ಪಾ.

ಪುಟ್ಟಿ ಅಪ್ಪ (ಮಂಡ್ಯ), ಮೂರು ವಾರದ ಮೇಲೆ

ಏನಾಯಿತು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಎಳೆ ರಂಗೋಲಿ ಅಮ್ಮ ಹೇಳಿದ ಹಾಗೆಯೇ ಮಾಡಿದೆವು. ಬಾಕಿ ನಲವತ್ತು ರೂಪಾಯಿ ಇದೆ ಅಂತ ಅವಳೇ ನೋಟ್‌ಬುಕ್ ತೆಗೆದು ತೋರಿಸಿದಳು, ಕೊಟ್ಟೆ. ವಾರಕ್ಕೆ ಐವತ್ತು ಸುಮ್ನೆ ಕೊಡುತ್ತೇನೆ ಅಂದೆ. "ಏನೂ ಮಾಡ್ದೇನಾ?" ಅಂತ ಅನುಮಾನದಿಂದ ನೋಡಿದಳು. ಮಾರನೇ ದಿನದಿಂದ ರಂಗೋಲಿ ಪೂರ್ತಿ ಬಂದ್. ನಾಲ್ಕು ಚುಕ್ಕಿಯೂ ಇಲ್ಲ. ಹೆಂಡತಿ ಕುರ್ಚಿ ಹಾಕಿಕೊಂಡು ಕೂತು ಕೂತು ಒಳಗೆ ಬಂದಳು. ಎರಡು ದಿನ ನಾನೇ ಹಾಕಿದೆ, ಎದುರು ಮನೆಯವರು ಮುನಿಸಿಪಾಲಿಟಿಯವರು ಏನೋ ಗುರುತು ಮಾಡಿ ಹೋಗಿದ್ದಾರೆ ಅಂದುಕೊಂಡರಂತೆ. ಆಮೇಲೆ ಸ್ಟಿಕ್ಕರ್ ರಂಗೋಲಿ ತಂದು ಅಂಟಿಸಿದೆವು. ನಿಮ್ಮನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡಿದ್ದೂ ನಿಜ.

ನಿನ್ನೆ ಭಾನುವಾರ ನೀರಿನ ಟ್ಯಾಂಕ್ ನೋಡೋಣ ಅಂತ ತಾರಸಿಗೆ ಹೋದೆ. ಟ್ಯಾಂಕಿನ ಹಿಂದೆ, ಬಟ್ಟೆ ಒಣಗಿಸುವ ತಂತಿಯ ಆಚೆ, ಸೀಮೆಸುಣ್ಣದಲ್ಲಿ ಹತ್ತೊಂಬತ್ತು ಚುಕ್ಕಿ. ಸ್ಪರ್ಧೆಯಲ್ಲಿ ಕೆಟ್ಟಿದ್ದದ್ದು. ಮುಕ್ಕಾಲು ಮುಗಿದಿದೆ. ಪಕ್ಕದಲ್ಲಿ ಅಳಿಸಿದ ಗುರುತುಗಳು ನೋಡಿದರೆ ನಾಲ್ಕೈದು ಸಲವಾದರೂ ಹಾಕಿದ್ದಾಳೆ. ಬಾಗಿಲಿಗೆ ಮಾತ್ರ ಇವತ್ತೂ ಸ್ಟಿಕ್ಕರ್.

ಹೆಂಡತಿ ಫೋಟೋ ತೆಗೆದು ಸ್ಟೇಟಸ್ ಹಾಕೋಣ, ಎಲ್ಲರೂ ಹೊಗಳಿದರೆ ಖುಷಿಯಾಗುತ್ತಾಳೆ ಅಂತಿದ್ದಾಳೆ. ಏನು ಮಾಡಲಿ?

ಎಳೆ ರಂಗೋಲಿ (ಮೈಸೂರು, ಅಗ್ರಹಾರ)

ಬೇಡವೇ ಬೇಡ. ನೀವು ನೋಡಿಯೇ ಇಲ್ಲ.

ಗಂಗೋತ್ರಿ ಬೆಂಚು (ಮೈಸೂರು)

ಅಮ್ಮ ಹೇಳಿದ್ದೇ ನನ್ನ ಮಾತೂ. ಅವಳಾಗಿ ಕರೆದು ತೋರಿಸಿದರೆ ಎಷ್ಟು ಬೇಕಾದರೂ ಹೊಗಳಿ. ಆ ಬಲಗಡೆ ಎಳೆ ಹೇಗೆ ತಿರುಗಿಸಿದೆ ಅಂತ ಕೇಳಿ, ಸುಮ್ನೆ "ಸೂಪರ್" ಅನ್ನಬೇಡಿ. ಅಲ್ಲಿವರೆಗೆ ಯಾರೂ ತಾರಸಿಗೆ ಹೋಗಬೇಡಿ.

ನಿವೃತ್ತ ಮೇಷ್ಟ್ರು (ಮೈಸೂರು)

ಅಂದ ಹಾಗೆ ಟ್ಯಾಂಕ್ ತುಂಬಿತ್ತೋ ಇಲ್ಲವೋ ಹೇಳಲೇ ಇಲ್ಲ.

ಪುಟ್ಟಿ ಅಪ್ಪ (ಮಂಡ್ಯ)

ತುಂಬಿ ಉಕ್ಕುವುದರಲ್ಲಿತ್ತು ಮೇಷ್ಟ್ರೇ. ಉಕ್ಕಿದರೆ ನೀರು ನೇರ ಆ ಕಡೆಗೇ ಹರಿಯುತ್ತದೆ. ಅದಕ್ಕೆ ನಿನ್ನೆಯಿಂದ ಮೋಟಾರ್ ಹಾಕಿ ಅದರ ಪಕ್ಕದಲ್ಲೇ ನಿಂತು ನಾನೇ ಆಫ್ ಮಾಡುತ್ತಿದ್ದೇನೆ.